ಹಂಸದ ರೆಕ್ಕೆಯಡಿಯ ಕಾಣದ ದಡ

ಮಹಾಲಯ ಅಮಾವಾಸ್ಯೆಯ ರಾತ್ರಿ ಮೋಡ ಹರಿದು ಆಕಾಶ ತೊಳೆದಿಟ್ಟಂತಿದ್ದರೆ, ಒಂಬತ್ತು ಗಂಟೆಯ ಹೊತ್ತಿಗೆ ರಾಜಹಂಸ ನಕ್ಷತ್ರಪುಂಜವು ಕನ್ನಡನಾಡಿನ ನೆತ್ತಿಗೆ ತುಸು ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಆಕಾಶಗಂಗೆಯ ಹೊನಲಿನುದ್ದಕ್ಕೆ ಕತ್ತು ಚಾಚಿ, ರೆಕ್ಕೆಗಳೆರಡನ್ನೂ ಹರಡಿ, ನೈಋತ್ಯದತ್ತ ಹಾರುತ್ತಿರುವ ಹಕ್ಕಿಯ ಆಕಾರ ಅದು. ಅದರ ಮೂಡಲ ರೆಕ್ಕೆಯ ನಡುವೆ ಹೊಳೆಯುವ ನಕ್ಷತ್ರವನ್ನು ಗುರುತಿಟ್ಟುಕೊಂಡು, ಅಲ್ಲಿಂದ ತೆಂಕಣಕ್ಕೆ, ಮುಂಚಾಚಿದ ಕೈಯ ಎರಡು ಬೆರಳಗಲ ಸರಿದರೆ ಯಾತ್ರಿಕನು ಸೇರಬೇಕಾದ ಸ್ಥಳ ಬಂದಂತಾಯಿತು. ಅಲ್ಲಿ ಬರಿಗಣ್ಣಿಗೆ ಕಾಣುವುದು ಒಂದು ಮಂಕು ನಕ್ಷತ್ರ ಮಾತ್ರ. ಅದೂ ಆ ಸ್ಥಳಕ್ಕೆ ಸೇರಿದ್ದಲ್ಲ, ದಾರಿಯ ನಡುವೆ, ಬಹಳ ಈಚೆಗೆ ನಿಂತಿರುವಂಥದು.

ಆ ಶೂನ್ಯದಲ್ಲಿ, ಆರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ಅಗಲಕ್ಕೆ, ಸತ್ತ ನಕ್ಷತ್ರವೊಂದರ ಅವಶೇಷ ಹರಡಿಕೊಂಡಿದೆ. ಅದರ ಒಂದು ತುಣುಕನ್ನು ಮೊದಲು ಕಂಡವನು ವಿಲಿಯಂ ಹರ್ಷಲ್. 1784ರ ಸೆಪ್ಟೆಂಬರ್ 5ರ ರಾತ್ರಿ, ಥೇಮ್ಸ್ ನದಿಯ ದಡದ ಡ್ಯಾಚೆಟ್ ಗ್ರಾಮದಲ್ಲಿ, ತಾನೇ ಕಟ್ಟಿದ ದೂರದರ್ಶಕದಲ್ಲಿ ಅವನು ಮೂಡಲ ಭಾಗದ ಬೆಳ್ಳನೆಯ ಎಳೆಯನ್ನು ನೋಡಿದ. ಎರಡು ದಿನಗಳ ತರುವಾಯ ಪಡುವಲ ಭಾಗದ ಎಳೆಯೂ ಕಂಡಿತು. ಇವೆರಡೂ ಒಂದೇ ಬಳೆಯ ಎರಡು ಚೂರುಗಳೆಂದು ತಿಳಿಯಲು ಛಾಯಾಚಿತ್ರದ ಕಲೆ ಹುಟ್ಟಿ ಬೆಳೆಯಬೇಕಾಯಿತು. ನಡುವಿನ ತ್ರಿಕೋನಾಕಾರದ ಎಳೆಗಳ ಗೊಂಚಲನ್ನು 1904ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕಗಳಲ್ಲಿ ಗುರುತಿಸಿದವಳು ವಿಲಿಯಮಿನಾ ಫ್ಲೆಮಿಂಗ್ ಎಂಬ ಮಹಿಳೆ. ಆದರೂ ಅದಕ್ಕೆ ನಿಂತ ಹೆಸರು ವೀಕ್ಷಣಾಲಯದ ನಿರ್ದೇಶಕ ಪಿಕರಿಂಗನದು. ದುಡಿದವರು ಒಬ್ಬರು, ಹೆಸರು ಮತ್ತೊಬ್ಬರಿಗೆ ಎಂಬುದು ಭೂಮಿಯ ರೂಢಿ. ಆಕಾಶದ ನಕ್ಷೆಗೂ ಅದು ಹತ್ತಿಕೊಂಡಿದೆ. ಬೆಳಗುವ ಎಳೆಗಳಿಗೆ ಮುಸುಕು ನೀಹಾರಿಕೆ ಎಂದೂ ಇಡಿಯ ಬಳೆಗೆ ಸಿಗ್ನಸ್ ಲೂಪ್, ಅಂದರೆ ಹಂಸವಲಯ, ಎಂದೂ ಈಗ ಹೆಸರು.

ಭೂಮಿಯಿಂದ ಅದಕ್ಕಿರುವ ದೂರ ಸುಮಾರು 2400 ಜ್ಯೋತಿರ್ವರ್ಷ. ಅದರ ಅಡ್ಡಗಲ ಸುಮಾರು 120 ಜ್ಯೋತಿರ್ವರ್ಷ. ಸ್ಫೋಟ ನಡೆದು ಇಪ್ಪತ್ತು ಸಾವಿರ ವರ್ಷಗಳ ಆಸುಪಾಸು ಕಳೆದಿರಬೇಕೆಂಬುದು ಪಂಡಿತರ ಅಂದಾಜು. ಅಂದು ಒಂದು ನಕ್ಷತ್ರ ಸಿಡಿದು ಸೂಪರ್‌ನೋವಾ ಆಯಿತು. ಅದರ ಆಘಾತದ ಅಲೆ ಸುತ್ತಣ ಅವಕಾಶವನ್ನು ಗುಡಿಸುತ್ತ ಇಂದಿಗೂ ಹೊರಕ್ಕೆ ಓಡುತ್ತಿದೆ. ಅದರ ಬೆನ್ನಿಗೆ ಉಳಿದಿರುವ ಅನಿಲದ ಉಷ್ಣತೆ ಲಕ್ಷಗಳನ್ನು ದಾಟಿ ದಶಲಕ್ಷ ಡಿಗ್ರಿಗಳಲ್ಲಿ ಎಣಿಸುವಂಥದು.

ಛಾಯಾಚಿತ್ರವನ್ನು ಮೊದಲ ಸಲ ನೋಡಿದವರಿಗೆ ಒಂದು ಪ್ರಶ್ನೆ ಹುಟ್ಟುತ್ತದೆ. ಸ್ಫೋಟ ಎಲ್ಲ ದಿಕ್ಕಿಗೂ ಸಮನಾಗಿ ಹರಡಿರಬೇಕಲ್ಲವೆ? ಮತ್ತೇಕೆ ಬಳೆ ಅಲ್ಲಲ್ಲಿ ಮಾತ್ರ ಬೆಳಗುತ್ತದೆ? ಪೂರ್ವದಲ್ಲಿ ರೇಶ್ಮೆಯ ಲಡಿಯಂತೆ ದಟ್ಟವಾದ ಎಳೆಗಳು, ಪಶ್ಚಿಮದಲ್ಲಿ ಮಾಟಗಾತಿಯ ಪೊರಕೆಯೆಂದು ಪರದೇಶಗಳಲ್ಲಿ ಅಡ್ಡಹೆಸರು ಪಡೆದ ಒಂದು ಉದ್ದನೆಯ ಗೆರೆ, ಈಶಾನ್ಯದ ಹೊರ ಅಂಚಿನಲ್ಲಿ ಕೂದಲೆಳೆಯಷ್ಟು ನವುರಾದ ಕೆಂಪು ನೂಲುಗಳು. ದಕ್ಷಿಣದಲ್ಲಿಯಾದರೋ ಬಳೆ ಒಡೆದು ಬಾಯಿಬಿಟ್ಟಿದೆ. ಇದಕ್ಕೆ ಉತ್ತರ ಚಿತ್ರದಲ್ಲಿ ಇಲ್ಲ, ಚಿತ್ರಕ್ಕೆ ಕಾಣದ ವಸ್ತುವಿನಲ್ಲಿದೆ. ಅಲೆ ಏತಕ್ಕೆ ಬಡಿಯಿತೋ ಅಲ್ಲಿ ಬೆಳಕು ಎದ್ದಿತು. ಬಡಿಯಲು ಏನೂ ಇಲ್ಲದ ಕಡೆ ಕತ್ತಲೆಯಲ್ಲೇ ಮುಂದೆ ಹೋಯಿತು. ಬಡಿಸಿಕೊಂಡದ್ದು ತಟಸ್ಥ ಜಲಜನಕ.

ತಟಸ್ಥವೆಂದರೆ ತಟದಲ್ಲಿ ನಿಂತದ್ದು. ಈ ಅನಿಲಕ್ಕೆ ಅಕ್ಷರಶಃ ಒಪ್ಪುವ ಮಾತು. ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು. ಒಂದರ ವಿದ್ಯುದಂಶವನ್ನು ಇನ್ನೊಂದು ತೀರಿಸಿಬಿಡುವುದರಿಂದ ಒಟ್ಟಿನಲ್ಲಿ ಯಾವ ಪಕ್ಷವೂ ಇಲ್ಲ. ನಕ್ಷತ್ರಗಳ ನಡುವಣ ಬಯಲಿನಲ್ಲಿ ಅದು ಮೋಡಮೋಡವಾಗಿ ಹರಡಿಕೊಂಡಿದೆ. ಮೋಡವೆಂದೊಡನೆ ಆಷಾಢದ ಕಾರ್ಮುಗಿಲನ್ನು ನೆನೆಯಬಾರದು. ಒಂದು ಹುಣಸೆಬೀಜ ಹಿಡಿಸುವಷ್ಟು ಜಾಗದಲ್ಲಿ ನಾಲ್ಕಾರು ಪರಮಾಣುಗಳು, ದಟ್ಟವಾದ ಕಡೆ ಕೆಲವು ಹತ್ತು, ಅಷ್ಟೇ. ಅದೇ ಜಾಗದ ನೆಲದ ಗಾಳಿಯಲ್ಲಿ ಇರುವ ಕಣಗಳನ್ನು ಎಣಿಸಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದುದನ್ನು ಮತ್ತೆ ಎರಡೂವರೆ ಲಕ್ಷದಿಂದ ಗುಣಿಸಬೇಕು. ತಣ್ಣಗಿನ ಮೋಡಗಳಲ್ಲಿ ಶೈತ್ಯ ಸೊನ್ನೆಗಿಂತ 170 ಡಿಗ್ರಿಗಳಷ್ಟು ಕೆಳಗಿರುತ್ತದೆ. ಅಂಥ ಮೋಡ ಬೆಳಗುವುದಿಲ್ಲ. ಹರ್ಷಲನ ದೂರದರ್ಶಕಕ್ಕೂ ಇಂದಿನ ಹಬಲ್ ದೂರದರ್ಶಕಕ್ಕೂ ಅದು ಸಮಾನವಾಗಿ ಅದೃಶ್ಯ.

ಅದು ಬೆಳಗದಿದ್ದರೂ ಪಿಸುಗುಟ್ಟುತ್ತದೆ ಎಂಬುದು ಹೊಳೆದದ್ದು ಹಾಲೆಂಡಿನಲ್ಲಿ, ಆ ದೇಶ ಜರ್ಮನರ ಹಿಡಿತದಲ್ಲಿದ್ದಾಗ. ಲೈಡನ್ ವಿಶ್ವವಿದ್ಯಾಲಯವನ್ನು ಆಕ್ರಮಣಕಾರರು 1940ರಲ್ಲಿಯೇ ಮುಚ್ಚಿಸಿದ್ದರು. ಅಲ್ಲಿನ ಖಗೋಳಜ್ಞ ಯಾನ್ ಓರ್ಟ್ ಪ್ರತಿಭಟನೆಯಾಗಿ ಹುದ್ದೆ ತ್ಯಜಿಸಿ ಹಳ್ಳಿಗೆ ಸರಿದಿದ್ದ. ಆಕಾಶದಿಂದ ರೇಡಿಯೋ ಅಲೆಗಳು ಬರುತ್ತವೆಂದು ಅಮೆರಿಕದ ಗ್ರೋಟ್ ರೀಬರ್ ಬರೆದ ಲೇಖನ ಅಂಥ ಕಾಲದಲ್ಲಿಯೂ ಅವನ ಕೈಸೇರಿತು. ಆಕಾಶಗಂಗೆಯ ಧೂಳು ಬೆಳಕನ್ನು ತಡೆಯುತ್ತದೆ, ರೇಡಿಯೋ ಅಲೆಯನ್ನು ತಡೆಯದು. ಹಾಗಾದರೆ ರೇಡಿಯೋದಲ್ಲಿ ಒಂದು ನಿರ್ದಿಷ್ಟ ಸ್ವರದಲ್ಲಿಯೇ ಹಾಡುವ ವಸ್ತು ಯಾವುದಾದರೂ ಇದೆಯೇ ಎಂದು ಓರ್ಟ್ ಕೇಳಿದ. ಲೆಕ್ಕ ಹಾಕುವ ಭಾರವನ್ನು ಹೆಂಡ್ರಿಕ್ ವಾನ್ ಡ ಹುಲ್ಸ್ಟ್ ಎಂಬ ತರುಣ ವಿದ್ಯಾರ್ಥಿ ಹೊತ್ತ. 1944ರ ಏಪ್ರಿಲಿನಲ್ಲಿ ಲೈಡನ್ನಿನಲ್ಲಿ ಕೂಡಿದ ಒಂದು ಸಣ್ಣ ಸಭೆಯಲ್ಲಿ ಅವನು ಉತ್ತರ ಕೊಟ್ಟ. ಪರಮಾಣುವಿನೊಳಗಿನ ಪ್ರೋಟಾನು, ಎಲೆಕ್ಟ್ರಾನುಗಳೆರಡೂ ಬುಗುರಿಗಳಂತೆ ತಿರುಗುವುವು. ಒಂದೇ ದಿಕ್ಕಿಗೆ ತಿರುಗುತ್ತಿದ್ದ ಜೋಡಿಯಲ್ಲಿ ಎಲೆಕ್ಟ್ರಾನು ಮಗುಚಿಕೊಂಡರೆ, ಉಳಿದ ಶಕ್ತಿ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯಾಗಿ ಹೊರಬೀಳುತ್ತದೆ. ತನ್ನಷ್ಟಕ್ಕೆ ಬಿಟ್ಟ ಪರಮಾಣು ಹೀಗೆ ಮಗುಚಲು ಸರಾಸರಿ ಒಂದು ಕೋಟಿ ಹತ್ತು ಲಕ್ಷ ವರ್ಷ ಕಾಯಬೇಕು. ಆದರೆ ಮೋಡದಲ್ಲಿ ಪರಮಾಣುಗಳಿಗೆ ಬರವಿಲ್ಲ. ಯಾವುದಾದರೊಂದು ಸದಾ ಮಗುಚುತ್ತಲೇ ಇರುತ್ತದೆ. ಈ ಪಿಸುಮಾತು ಭೂಮಿಗೆ ಕೇಳಿಸೀತೇ ಎಂಬ ವಿಷಯದಲ್ಲಿ ಮಾತ್ರ ಹುಲ್ಸ್ಟನಿಗೇ ಸಂದೇಹವಿತ್ತು.

ಯುದ್ಧ ಮುಗಿದ ಮೇಲೆ ಡಚ್ಚರು, ಸೋತ ಜರ್ಮನರು ಬಿಟ್ಟುಹೋದ ಏಳೂವರೆ ಮೀಟರ್ ಅಗಲದ ರಾಡಾರ್ ಬೋಗುಣಿಯೊಂದನ್ನು ಕೋಟ್ವೈಕ್ ಎಂಬ ಊರಿನ ಬಯಲಿನಲ್ಲಿ ನಿಲ್ಲಿಸಿಕೊಂಡು, ಅದನ್ನು ಕೈಯಿಂದಲೇ ತಿರುಗಿಸುತ್ತ ಆಲಿಸತೊಡಗಿದರು. 1950ರಲ್ಲಿ ಬೆಂಕಿ ಬಿದ್ದು ಅವರ ಗ್ರಾಹಕ ಯಂತ್ರ ಸುಟ್ಟುಹೋಯಿತು. ಅತ್ತ ಅಮೆರಿಕದ ಹಾರ್ವರ್ಡಿನಲ್ಲಿ ಹೆರಾಲ್ಡ್ ಯುಯೆನ್ ಎಂಬ ವಿದ್ಯಾರ್ಥಿಯೂ ಅವನ ಗುರು ಎಡ್ವರ್ಡ್ ಪರ್ಸೆಲನೂ ಐನೂರು ಡಾಲರುಗಳ ಸಹಾಯಧನದಲ್ಲಿ, ಪದರಹಲಗೆಗೆ ತಾಮ್ರದ ತಗಡು ಹೊದಿಸಿ, ಕಹಳೆಯಾಕಾರದ ಸಾಧನವೊಂದನ್ನು ಪ್ರಯೋಗಾಲಯದ ಕಿಟಕಿಯ ಹೊರಗೆ ಕಟ್ಟಿದರು. ಮಳೆ ಬಂದರೆ ನೀರು ಕಹಳೆಯೊಳಗಿಂದ ಹರಿದು ಕೋಣೆ ಸೇರುತ್ತಿತ್ತು. ಹುಡುಗರು ಅದರ ಬಾಯಿಗೆ ಗುರಿಯಿಟ್ಟು ಮಂಜಿನುಂಡೆ ಎಸೆಯುತ್ತಿದ್ದರು. 1951ರ ಮಾರ್ಚ್ 25ರಂದು ಅದೇ ಕಹಳೆಗೆ ಜಲಜನಕದ ಪಿಸುಮಾತು ಕೇಳಿಸಿತು. ಆಗ ಹಾರ್ವರ್ಡಿಗೆ ಹುಲ್ಸ್ಟ್ ಅತಿಥಿಯಾಗಿ ಬಂದಿದ್ದ. ಗೆದ್ದವರು ಗುಟ್ಟನ್ನು ಬಚ್ಚಿಡಲಿಲ್ಲ. ತಮ್ಮ ಯಂತ್ರದ ಮರ್ಮವನ್ನು ಅವನಿಗೆ ತಿಳಿಸಿ, ಮಿಕ್ಕವರೂ ಕೇಳುವವರೆಗೆ ಪ್ರಕಟಣೆಗೆ ಕಾದರು. ಮೇ 11ರಂದು ಕೋಟ್ವೈಕಿನಲ್ಲಿಯೂ ಅದು ಕೇಳಿಸಿತು, ಆಸ್ಟ್ರೇಲಿಯದವರೂ ದೃಢಪಡಿಸಿದರು. ಮೂರು ದೇಶಗಳ ಸುದ್ದಿ ಆ ಸೆಪ್ಟೆಂಬರ್ 1ರ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಹೊರಬಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಮೊದಲಿಗರೆನಿಸಿಕೊಳ್ಳಲು ನಡೆದಿರುವ ಜಗಳಗಳನ್ನು ಬಲ್ಲವರಿಗೆ ಈ ಸೌಜನ್ಯ ಅಪರೂಪದ್ದೆಂದು ತೋರೀತು.

ಆ ಒಂದು ಸ್ವರ ಸಿಕ್ಕಿದ ಮೇಲೆ ಆಕಾಶದ ಕಾಣದ ನೆಲವನ್ನು ಅಳೆದು ನಕ್ಷೆ ಬರೆಯುವುದು ಸಾಧ್ಯವಾಯಿತು. ಹಂಸವಲಯದ ಸುತ್ತಣ ಜಲಜನಕವನ್ನು 1970ರ ದಶಕದಿಂದಲೇ ಹುಡುಕತೊಡಗಿದರು. ಈಚಿನ ಸೂಕ್ಷ್ಮ ನಕ್ಷೆಗಳು ಬಂದದ್ದು ಕೆನಡಾ ದೇಶದ ಪೆಂಟಿಕ್ಟನ್ ಪಟ್ಟಣದ ಬಳಿಯ ಕಣಿವೆಯಿಂದ. 1960ರಲ್ಲಿ ಆರಂಭವಾದ ಆ ವೀಕ್ಷಣಾಲಯಕ್ಕೆ ಸುತ್ತಲೂ ಗುಡ್ಡಗಳೇ ಕೋಟೆ. ಪಟ್ಟಣಗಳ ರೇಡಿಯೋ ಗದ್ದಲ ಒಳಗೆ ನುಸುಳದಂತೆ ಅವು ಅಡ್ಡ ನಿಂತಿವೆ. ನೆಲವೆಲ್ಲ ಬೂದುಬಣ್ಣದ ಕುರುಚಲು, ಇಳಿಜಾರುಗಳಲ್ಲಿ ವಿರಳವಾದ ಪೈನ್ ಮರ. ನೋಡಲು ಬಂದವರು ತಮ್ಮ ಮೊಬೈಲುಗಳನ್ನು ಬಾಯಿಮುಚ್ಚಿಸಿಯೇ ಒಳಗೆ ಬರಬೇಕು. ಒಂಬತ್ತು ಮೀಟರ್ ಅಗಲದ ಏಳು ಬೋಗುಣಿಗಳು ಪೂರ್ವ-ಪಶ್ಚಿಮವಾಗಿ ಸುಮಾರು ಆರುನೂರು ಮೀಟರ್ ಉದ್ದಕ್ಕೆ ಸಾಲುಗಟ್ಟಿವೆ. ಕೆಲವನ್ನು ಹಳಿಗಳ ಮೇಲೆ ಸರಿಸಬಹುದು. ಹೀಗೆ ಸರಿಸುತ್ತ, ದಿನಗಟ್ಟಲೆ ಒಂದೇ ದಿಕ್ಕಿಗೆ ಮೊಗಮಾಡಿ ಆಲಿಸಿದರೆ, ಏಳು ಸಣ್ಣ ಬೋಗುಣಿಗಳು ಆ ಸಾಲಿನಷ್ಟೇ ದೊಡ್ಡದಾದ ಒಂದು ಕಣ್ಣಿನಷ್ಟು ಸ್ಪಷ್ಟವಾಗಿ ನೋಡುತ್ತವೆ.

ಆ ಕಣ್ಣಿಗೆ ಹಂಸವಲಯದ ಸುತ್ತಮುತ್ತ ಜಲಜನಕದ ಗೋಡೆಗಳು ಕಂಡವು. ಕೆಲವೆಡೆ ಗೋಡೆಯ ಅಂಚೂ ಕ್ಷ-ಕಿರಣದ ಚಿತ್ರದಲ್ಲಿ ತೋರುವ ಬಿಸಿ ಅನಿಲದ ಅಂಚೂ ಒಂದಕ್ಕೊಂದು ಕೂಡಿಸಿದ ಒಡಕು ಗಡಿಗೆಯ ಚೂರುಗಳಂತೆ ಹೊಂದಿಕೊಂಡವು. ಈ ಗಡಿಗೆಯ ಇನ್ನೊಂದು ಪಾರ್ಶ್ವವನ್ನು ಕನ್ನಡನಾಡಿನಿಂದಲೂ ನೋಡಿದ್ದುಂಟು. ಬೆಂಗಳೂರಿಗೆ ಉತ್ತರದಲ್ಲಿ, ಗೌರಿಬಿದನೂರಿನ ಬಳಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ಸಾವಿರ ತಂತಿಕಂಬಿಗಳ ದೂರದರ್ಶಕವೊಂದನ್ನು ಕಟ್ಟಿದ್ದವು. 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಎಂಟೂವರೆ ಮೀಟರಿಗೂ ಉದ್ದವಾದ ಅಲೆಗಳಲ್ಲಿ, ಅಲ್ಲಿ ಸಿದ್ಧವಾದ ಹಂಸವಲಯದ ಚಿತ್ರವನ್ನು ಶಾಸ್ತ್ರಿ, ದ್ವಾರಕನಾಥ್, ಶೆವಗಾಂವಕರ್ ಎಂಬ ಮೂವರು 1981ರಲ್ಲಿ ಪ್ರಕಟಿಸಿದರು. ಅದು ತಟಸ್ಥ ಜಲಜನಕದ ದನಿಯಲ್ಲ. ಆಘಾತದ ಅಂಚಿನಲ್ಲಿ ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತುವ ಎಲೆಕ್ಟ್ರಾನುಗಳ ಗಲಾಟೆ. ಗೌರಿಬಿದನೂರು ಕೇಳಿದ್ದು ಬಡಿದ ಅಲೆಯನ್ನು. ಪೆಂಟಿಕ್ಟನ್ ಕೇಳಿದ್ದು ಬಡಿಸಿಕೊಂಡ ದಡವನ್ನು.

ಈ ನಕ್ಷೆಗಳನ್ನು ಹಿಡಿದು, ಹೊರಗಿನಿಂದ ಒಳಕ್ಕೆ ಹೊರಟ ಯಾತ್ರಿಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಈಶಾನ್ಯದಿಂದ ಬರಲಿ. ತಾನು ಮೋಡದೊಳಗೆ ಇರುವೆನೆಂಬುದೇ ಅವನಿಗೆ ತಿಳಿಯದು, ಮಂಜಿಲ್ಲ, ಮಬ್ಬಿಲ್ಲ. ಎದುರಿನಿಂದ ಆಘಾತದ ಅಲೆ ಸೆಕೆಂಡಿಗೆ ಸುಮಾರು 350 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ವಿದ್ಯುದಂಶವುಳ್ಳ ಕಣಗಳನ್ನು ಅಲೆಯ ಕಾಂತಕ್ಷೇತ್ರ ತಟ್ಟನೆ ಹಿಡಿದು ಸೆಳೆದೊಯ್ಯುತ್ತದೆ. ತಟಸ್ಥ ಪರಮಾಣುವಿಗೆ ಆ ಹಿಡಿತ ತಾಗದು. ಅಲೆ ಹಾದುಹೋಗುತ್ತದೆ, ಪರಮಾಣು ನಿಂತಲ್ಲೇ ನಿಂತಿರುತ್ತದೆ. ನಿದ್ದೆಯಲ್ಲಿದ್ದವನ ಸುತ್ತ ರಾತ್ರೋರಾತ್ರಿ ಹೊಳೆ ಏರಿದಂತೆ ಒಮ್ಮೆಗೇ ಸುತ್ತಲೂ ದಶಲಕ್ಷ ಡಿಗ್ರಿಗಳ ಅನಿಲ. ಕ್ಷಣಕ್ಕೆ ಇದನ್ನು ಬೆಂಕಿ ಎನ್ನಲೂ ಬರುವುದಿಲ್ಲ, ಕಣಗಳು ಅಷ್ಟು ದೂರದೂರ. ಕೊನೆಗೊಂದು ಎಲೆಕ್ಟ್ರಾನು ಬಂದು ಬಡಿಯುತ್ತದೆ. ಕೆಲವು ಪರಮಾಣುಗಳು ಒಡೆಯುವ ಮುನ್ನ ಜಲಜನಕಕ್ಕೆ ಸಹಜವಾದ ಕೆಂಪು ಬೆಳಕನ್ನು ಒಮ್ಮೆ ಬೀರುತ್ತವೆ. ಹೆಚ್ಚಿನವಕ್ಕೆ ಆ ಭಾಗ್ಯವೂ ಇಲ್ಲ. ಐದು ಪರಮಾಣು ಒಡೆಯುವಲ್ಲಿ ಸುಮಾರು ಒಂದು ಕೆಂಪು ಕಿರಣ ಎಂಬುದು ಲೆಕ್ಕ. ಈಶಾನ್ಯದ ಕೂದಲೆಳೆಯಂಥ ನೂಲುಗಳು ಈ ಕಿರಣಗಳಿಂದಲೇ ಆದಂಥವು. ಅಲ್ಲಿ ತಟಸ್ಥ ಜಲಜನಕ ಇತ್ತೆಂಬುದಕ್ಕೆ ಅವೇ ಸಾಕ್ಷಿ. ಇಲ್ಲದಿದ್ದರೆ ಆ ನೂಲುಗಳು ಕಾಣುತ್ತಲೇ ಇರಲಿಲ್ಲ. ಇನ್ನು ಕೆಲವು ಪರಮಾಣುಗಳ ಎಲೆಕ್ಟ್ರಾನನ್ನು ಹಾದುಹೋಗುವ ಬಿಸಿ ಪ್ರೋಟಾನೊಂದು ಕಸಿದುಕೊಂಡು, ತಾನೇ ತಟಸ್ಥನಾಗಿ, ಅದೇ ಓಟದಲ್ಲಿ ಬೆಳಗುತ್ತದೆ. ಅಂಥ ಬೆಳಕಿನ ಗೆರೆ ಅಗಲವಾಗಿರುತ್ತದೆ. ಆ ಅಗಲವನ್ನು ಅಳೆದರೆ ಅಲೆಯ ವೇಗ ಸಿಗುತ್ತದೆ.

ಪೂರ್ವಕ್ಕೆ ತಿರುಗಿದರೆ ದೃಶ್ಯ ಬೇರೆ. ಅಲ್ಲಿ ಮೋಡ ದಟ್ಟ. ಅಲೆ ಅದರೊಳಗೆ ಹೊಕ್ಕು ಏದುಸಿರು ಬಿಡುತ್ತ ವೇಗ ಕಳೆದುಕೊಳ್ಳುತ್ತದೆ; ಅದುಮಿಸಿಕೊಂಡ ಅನಿಲ ಬಲುಬೇಗ ತಣಿಯುತ್ತ, ಜಲಜನಕದ ಕೆಂಪನ್ನೂ ಆಮ್ಲಜನಕದ ನೀಲಿಹಸುರನ್ನೂ ಚೆಲ್ಲುತ್ತದೆ. ಹರ್ಷಲನ ಕಣ್ಣಿಗೆ ಬಿದ್ದದ್ದು ಈ ಭಾಗ. ಪಶ್ಚಿಮದಲ್ಲಿಯಂತೂ ದಡದ ಇರವನ್ನು ಸಾಮಾನ್ಯ ಛಾಯಾಚಿತ್ರದಲ್ಲಿಯೇ ಊಹಿಸಬಹುದು: ಬೆಳಗುವ ಗೆರೆಯ ಒಳಬದಿಯಲ್ಲಿ ನಕ್ಷತ್ರಗಳು ಚೆಲ್ಲಾಡಿವೆ, ಹೊರಬದಿಯಲ್ಲಿ ವಿರಳ. ಹೊರಗೆ ನಿಂತ ಮೋಡದ ಧೂಳು ಹಿಂದಿನ ನಕ್ಷತ್ರಗಳನ್ನು ಮರೆಮಾಡಿದೆ.

ದಡ ಇದೆಯೆಂಬುದರಲ್ಲಿ ಜಗಳವಿಲ್ಲ. ಅದನ್ನು ಕಟ್ಟಿದವರು ಯಾರು ಎಂಬುದರಲ್ಲಿ ಇದೆ. ನಕ್ಷತ್ರವೇ ಕಟ್ಟಿಕೊಂಡಿತೆಂದು ಒಂದು ಪಕ್ಷ. ಸೂರ್ಯನಿಗಿಂತ ಹಲವು ಮಡಿ ಭಾರದ ನಕ್ಷತ್ರ ಬದುಕಿದ್ದಾಗಲೇ ತನ್ನ ಉಗ್ರ ಬೆಳಕಿನಿಂದಲೂ ಗಾಳಿಯಿಂದಲೂ ಸುತ್ತಣ ಅನಿಲವನ್ನು ದೂರ ತಳ್ಳಿ, ನಡುವೆ ಪೊಳ್ಳು ಮಾಡಿಕೊಂಡು, ಅಂಚಿನಲ್ಲಿ ಜಲಜನಕದ ಪೌಳಿಗೋಡೆ ಎಬ್ಬಿಸಿತು. ಸತ್ತಾಗ ಅದರ ಆಘಾತ ಬಯಲಿನಲ್ಲಿ ಓಡಿ ಬಂದು ಒಮ್ಮೆಗೇ ಆ ಗೋಡೆಗೆ ಬಡಿಯಿತು ಎಂಬ ವಾದವನ್ನು ನ್ಯಾನ್ಸಿ ಲೆವೆನ್ಸನ್ ಮತ್ತವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ಕ್ಷ-ಕಿರಣದ ಚಿತ್ರಗಳ ಆಧಾರದ ಮೇಲೆ ಬೆಳೆಸಿದರು. ಬಹುಕಾಲ ಅದೇ ಎಲ್ಲರ ಮಾತಾಯಿತು. 2018ರಲ್ಲಿ ರಾಬರ್ಟ್ ಫೆಸೆನ್ ಮತ್ತವರ ಸಂಗಡಿಗರು ಅದನ್ನು ಅಲ್ಲಗಳೆದರು. ಗಾಯಾ ಉಪಗ್ರಹದ ಅಳತೆಗಳಿಂದ ದೂರವನ್ನು ಹೊಸದಾಗಿ ನಿರ್ಣಯಿಸಿದ ಅವರ ಪ್ರಕಾರ, ಅಲ್ಲಿ ಪೌಳಿಯೂ ಇಲ್ಲ, ಕಟ್ಟಿದವರೂ ಇಲ್ಲ. ತೆಳುವಾದ ಅನಿಲದ ಬಯಲಿನಲ್ಲಿ ನಕ್ಷತ್ರ ಸಿಡಿಯಿತು. ಪೂರ್ವಕ್ಕೆ, ಪಶ್ಚಿಮಕ್ಕೆ ಮೊದಲಿನಿಂದಲೂ ಬೇರೆಬೇರೆ ಮೋಡಗಳಿದ್ದುವು. ಅಲೆ ಅವಕ್ಕೆ ಬಡಿಯಿತು.

ನಡುವಿನ ತೊಡಕು ಜಲಜನಕದ ಸ್ವಭಾವದಲ್ಲಿಯೇ ಇದೆ. ಅದು ಎಲ್ಲೆಲ್ಲೂ ಇದೆ. ರಾಜಹಂಸದ ದಿಕ್ಕಿನಲ್ಲಿ ದೃಷ್ಟಿ ಆಕಾಶಗಂಗೆಯ ನಮ್ಮದೇ ಕವಲಿನ ಉದ್ದಕ್ಕೆ ಹಾಯುವುದರಿಂದ, ಹತ್ತಿರದ ಮೋಡವೂ ದೂರದ ಮೋಡವೂ ಒಂದರ ಹಿಂದೊಂದು ಕೂಡಿಕೊಂಡಿವೆ. ಮೋಡ ನಮ್ಮತ್ತ ಬರುತ್ತಿದೆಯೋ ಸರಿಯುತ್ತಿದೆಯೋ ಎಂಬುದನ್ನು ಸ್ವರದ ಏರಿಳಿತದಿಂದ ತಿಳಿಯಬಹುದು. ಉಳಿದ ದಿಕ್ಕುಗಳಲ್ಲಿ ಅದರಿಂದ ದೂರವನ್ನೂ ಊಹಿಸಬಹುದು. ಇಲ್ಲಿ ಎಲ್ಲ ಮೋಡಗಳ ವೇಗವೂ ಹೆಚ್ಚುಕಡಮೆ ಒಂದೇ. ಜಾತ್ರೆಯ ನೂಕುನುಗ್ಗಲಿನಲ್ಲಿ ತೋಳು ತಗುಲಿದವನು ಯಾರೆಂದು ತಿಳಿಯದಂತೆ, ಯಾವ ಮೋಡ ಅವಶೇಷವನ್ನು ಮುಟ್ಟಿದೆ, ಯಾವುದು ಅದರ ಹಿಂದೆಯೋ ಮುಂದೆಯೋ ಸುಮ್ಮನೆ ನಿಂತಿದೆ ಎಂದು ಬಿಡಿಸುವುದು ಕಷ್ಟ. ಆದರೂ ಎಲ್ಲ ಕಡೆಯಿಂದ ಮುಚ್ಚಿದ ಗೋಡೆ ಇಲ್ಲದಿರುವುದನ್ನೂ ದಕ್ಷಿಣದ ತೆರೆದ ಬಾಯನ್ನೂ ನೋಡಿದರೆ ಎರಡನೆಯ ಪಕ್ಷದ ಕಡೆಗೇ ತಕ್ಕಡಿ ವಾಲುವಂತೆ ತೋರುತ್ತದೆ.

ಇದು ಪಂಡಿತರ ಒಣ ತರ್ಕವಲ್ಲ. ಗೋಡೆ ನಕ್ಷತ್ರದ್ದೇ ಆದರೆ ಸ್ಫೋಟದ ಕಾಲ, ಬಲ, ಸತ್ತ ನಕ್ಷತ್ರದ ಜಾತಿ ಎಲ್ಲವನ್ನೂ ಒಂದು ರೀತಿ ಲೆಕ್ಕ ಹಾಕಬೇಕು. ಆಕಸ್ಮಿಕವಾದ ಮೋಡಗಳಾದರೆ ಬೇರೊಂದು ರೀತಿ. ಆಕಾಶಗಂಗೆಯ ಮೋಡಗಳನ್ನು ಕಲಕುವುದೂ ಓಡಿಸುವುದೂ ಇಂಥ ಅವಶೇಷಗಳೇ ಎಂಬ ಮಾತಿಗೂ ಇದೇ ಆಧಾರ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅವರು 1980ರಲ್ಲಿ, ಜಲಜನಕದ ಮೋಡಗಳಲ್ಲಿ ಮಿತಿಮೀರಿ ವೇಗವಾಗಿ ಓಡುವಂಥವು ಸೂಪರ್‌ನೋವಾ ಅವಶೇಷಗಳ ಹೊಡೆತಕ್ಕೆ ಸಿಕ್ಕಿದವಾಗಿರಬೇಕೆಂದು ಸೂಚಿಸಿದ್ದರು. ಹೊಡೆತ ತಿಂದ ಮೋಡ ಚಿಂದಿಯಾಗುವುದೋ, ಅದುಮಿಸಿಕೊಂಡು ಮುಂದೆ ಹೊಸ ನಕ್ಷತ್ರಕ್ಕೆ ಬಸಿರಾಗುವುದೋ ಎಂಬುದನ್ನು ಹಂಸವಲಯದಷ್ಟು ಹತ್ತಿರದಿಂದ ನೋಡಲು ದೊರೆಯುವ ಸ್ಥಳಗಳು ಕಡಮೆ.

ಪಾಲೊಮಾರ್ ಬೆಟ್ಟದ ದೂರದರ್ಶಕದಲ್ಲಿ 1950ರ ದಶಕದಲ್ಲಿ ತೆಗೆದ ಫಲಕಗಳನ್ನೂ 1990ರ ದಶಕದಲ್ಲಿ ತೆಗೆದವನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ, ಈಶಾನ್ಯದ ಕೆಂಪು ನೂಲುಗಳು ಸುಮಾರು ನಾಲ್ವತ್ತು ವರ್ಷಗಳಲ್ಲಿ ಹೊರಕ್ಕೆ ಸರಿದಿರುವುದು ಕಂಡುಬಂದಿತು. ಸರಿದದ್ದು ಚಂದ್ರಬಿಂಬದ ಅಗಲದ ನಾನೂರೈವತ್ತರಲ್ಲೊಂದು ಪಾಲಿನಷ್ಟು. ಅಲ್ಲಿಯ ಲೆಕ್ಕದಲ್ಲಿ ವರ್ಷಕ್ಕೆ ಸಾವಿರದ ನೂರು ಕೋಟಿ ಕಿಲೋಮೀಟರ್. ಅಷ್ಟು ನೆಲದ ತಟಸ್ಥ ಜಲಜನಕ ವರ್ಷವರ್ಷವೂ ಒಡೆದುಹೋಗುತ್ತಿದೆ. ಪೂರ್ವದ ಎಳೆಗಳ ಹಿಂದೆ ಒಡೆದ ಪ್ರೋಟಾನುಗಳು ತಣಿಯುತ್ತ ಎಲೆಕ್ಟ್ರಾನುಗಳನ್ನು ಮತ್ತೆ ಕೂಡಿಕೊಳ್ಳುವ ಹಂತದಲ್ಲಿವೆ. ಇನ್ನೂ ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಅಂಚೆಲ್ಲ ಹೀಗೆ ತಣಿದು, ಓಡುತ್ತಿರುವ ತಟಸ್ಥ ಜಲಜನಕದ ಚಿಪ್ಪಾಗಿ, ಕಣ್ಣಿಗೆ ಮರೆಯಾಗಿ, 21 ಸೆಂಟಿಮೀಟರಿನ ಸ್ವರದಲ್ಲಿ ಮಾತ್ರ ಕೇಳಿಸುವುದು. ದಕ್ಷಿಣದ ಒಡಕಿನಿಂದ ಹೊರಬಿದ್ದ ಅಲೆಗೆ ಇನ್ನೂ ಯಾವ ದಡವೂ ಎದುರಾಗಿಲ್ಲ.